ಬೆಳೆಯುವ ಮಕ್ಕಳಿಗೆ ಎರಡು ಇಂಚು

ಸೆಪ್ಟೆಂಬರ್ 9, ಸೋಮವಾರ

ಬಟ್ಟೆ ಬಂತು. ಆರು ಥಾನು, ಆಕಾಶ ನೀಲಿ. ಹೋದ ವರ್ಷದ್ದು ಮೊದಲ ಒಗೆತಕ್ಕೇ ಬಣ್ಣ ಬಿಟ್ಟಿತ್ತು. ಈ ಸಲ ಒಂದು ಮೂಲೆಯನ್ನು ಒದ್ದೆ ಮಾಡಿ, ಬಿಳಿ ಚಿಂದಿಯ ಮೇಲೆ ಉಜ್ಜಿ ನೋಡಿದ ಮೇಲೆಯೇ ಸಹಿ ಹಾಕಿದೆ. ತಂದವನು ಮುಖ ಸಿಂಡರಿಸಿದ. ಸಿಂಡರಿಸಲಿ, ನಾನೇನು ಅವನ ಮುಖವನ್ನು ಹೊಲಿಯಬೇಕಾಗಿಲ್ಲ.

ಮಕ್ಕಳ ಕ್ಷೇಮ ದಿನಕ್ಕೆ ಇನ್ನು ಮೂವತ್ತೊಂಬತ್ತು ದಿನ. ಸರ್ಕಾರದ ಆಶ್ರಯದಲ್ಲಿರುವ ಪ್ರತಿ ಮಗುವಿಗೂ ಅವತ್ತು ಹೊಸ ಬಟ್ಟೆ ಕೊಡಬೇಕೆಂದು ದೇಶಕ್ಕೆಲ್ಲ ಒಂದೇ ನಿಯಮ. ನಮ್ಮ ಬಾಲಕಿಯರ ನಿಲಯದಲ್ಲಿ ನಲವತ್ತಾರು ಹುಡುಗಿಯರು, ಹೊಲಿಯುವವಳು ನಾನೊಬ್ಬಳು. ಹುಟ್ಟಿದ ದಿನ ಗೊತ್ತಿಲ್ಲದವರಿಗೆಲ್ಲ ಅದೇ ದಿನವನ್ನು ಹುಟ್ಟುಹಬ್ಬವೆಂದು ಕಡತದಲ್ಲಿ ಬರೆದಿರುತ್ತಾರೆ. ಹಾಗಾಗಿ ಅವತ್ತು ಬೆಳಗ್ಗೆ ಮೂವತ್ತಕ್ಕೂ ಹೆಚ್ಚು ಹುಡುಗಿಯರಿಗೆ ಒಟ್ಟಿಗೇ ಒಂದು ವರ್ಷ ಜಾಸ್ತಿಯಾಗುತ್ತದೆ.

ಮೇಲ್ವಿಚಾರಕಿ ಕರೆಸಿದ್ದರು. ಡಿಸೆಂಬರಿಗೆ ನನ್ನ ನಿವೃತ್ತಿ. ಹತ್ತೊಂಬತ್ತು ವರ್ಷದ ತಪ್ಪಿಲ್ಲದ ಸೇವೆಗೆ ಈ ಸಲ ವೇದಿಕೆಯ ಮೇಲೆ ಸನ್ಮಾನ ಪತ್ರ ಕೊಡುತ್ತಾರಂತೆ. ನನಗೇನೂ ಬೇಡ ಎಂದೆ. ಬೇಡವೆಂದವಳು ಮಧ್ಯಾಹ್ನವೇ ನನ್ನ ಬೂದು ಉಡುಪಿನ ತೋಳು ಬಿಚ್ಚಿ ಸರಿಮಾಡಲು ಕೂತೆ.

ಈ ಡೈರಿ ತಂಗಿ ಕೊಟ್ಟದ್ದು. ಅವಳು ಕೆಲಸ ಮಾಡುವ ಔಷಧಿ ಅಂಗಡಿಗೆ ಪುಕ್ಕಟೆ ಬಂದಿತ್ತಂತೆ. "ದಿನಾ ಬೈಯೋದನ್ನೆಲ್ಲ ಇದರಲ್ಲಿ ಬರಿ ಅಕ್ಕಾ, ನನ್ನ ಕಿವಿ ಉಳಿಯುತ್ತೆ," ಎಂದಳು. ಬರೆಯುತ್ತೇನೆ: ಇವತ್ತೂ ಅವಳು ಒಲೆಯ ಪಕ್ಕದ ಕಿಟಕಿ ತೆರೆದಿಟ್ಟೇ ಕೆಲಸಕ್ಕೆ ಹೋಗಿದ್ದಳು.

ಸೆಪ್ಟೆಂಬರ್ 11, ಬುಧವಾರ

ಅಳತೆಯ ದಿನ. ಸೊಂಟ ಬಿದ್ದುಹೋಗಿದೆ.

ಹುಡುಗಿಯರನ್ನು ನಾನು ನಂಬರಿನಿಂದಲೇ ಕರೆಯುವುದು. ಹೆಸರು ನೆನಪಿಡಲು ಹೋದರೆ ಅಳತೆ ಮರೆಯುತ್ತದೆ. ಮಕ್ಕಳೆಂದರೆ ಪ್ರಾಣ ಬಿಡುವವರು ಬೇರೆ ಇದ್ದಾರೆ, ಭಾಷಣ ಮಾಡಲು ಅವರೇ ಬರುತ್ತಾರೆ. ನನ್ನದು ಟೇಪಿನ ಕೆಲಸ. ಈ ಹುಡುಗಿಯರಿಗೋ ನಿಲ್ಲುವುದೇ ಬರುವುದಿಲ್ಲ. ಅದರಲ್ಲೂ ಸ್ವಲ್ಪ ಎತ್ತರ ಇರುವವರು ಬೆನ್ನು ಬಾಗಿಸಿ, ಮೊಣಕಾಲು ಸಡಿಲ ಬಿಟ್ಟು, ಮುದುಕಿಯರ ಹಾಗೆ ನಿಲ್ಲುತ್ತಾರೆ. ಬೆನ್ನಿಗೊಂದು ತಟ್ಟಿ "ನೆಟ್ಟಗೆ ನಿಲ್ಲೇ" ಎಂದು ಹೇಳಿ ಹೇಳಿ ಗಂಟಲು ಒಣಗಿತು.

ಮೂವತ್ತೊಂದನೇ ನಂಬರಿನವಳನ್ನು ಎಲ್ಲರೂ ಏಣಿ ಅನ್ನುತ್ತಾರೆ, ಕಾಲು ಉದ್ದ. ಮೂವತ್ತೆರಡು ಅವಳ ತಂಗಿ, ಆರು ವರ್ಷದವಳಿರಬೇಕು. ಅಕ್ಕನ ಹಿಂದೆಯೇ ಅಂಟಿಕೊಂಡು ತಿರುಗುವುದರಿಂದ ಅವಳಿಗೆ ಬಾಲ ಎಂದು ಹೆಸರು. ಅಕ್ಕನ ಬೆರಳು ಬಿಡಲೊಲ್ಲದೆ ಒಂದೇ ಕೈಯಲ್ಲಿ ಅಳತೆ ಕೊಟ್ಟಳು. ಇನ್ನೊಂದು ತೋಳು ಅಂದಾಜಿನ ಮೇಲೆ ಹೊಲಿಯಬೇಕೇನು ಎಂದು ರೇಗಿದೆ. ಬಿಡಲಿಲ್ಲ.

ಟೇಪಿನಲ್ಲಿ ಬಂದ ಉದ್ದಕ್ಕೆ ಎರಡು ಇಂಚು ಸೇರಿಸಿಯೇ ನಾನು ಅಳತೆ ಪುಸ್ತಕದಲ್ಲಿ ಬರೆಯುವುದು. ಬೆಳೆಯುವ ಮಕ್ಕಳು. ಅಂಚಿನಲ್ಲಿ ಮಡಿಕೆ ಇದ್ದರೆ ವರ್ಷದ ನಡುವೆ ಬಿಚ್ಚಿ ಇಳಿಸಿಕೊಳ್ಳಬಹುದು. ತೀರಾ ಬಡಕಲಾಗಿ ಬಂದವರಿಗೆ ಮೂರು ಇಂಚು, ಊಟ ಹತ್ತಿದ ಮೇಲೆ ಅವರು ದಿಢೀರನೆ ಬೆಳೆಯುತ್ತಾರೆ. ಇದನ್ನು ಯಾವ ನಿಯಮವೂ ಹೇಳಿಲ್ಲ. ನಾನಾಗಿ ಮಾಡುವ ಉಪಕಾರ.

ಸೆಪ್ಟೆಂಬರ್ 13, ಶುಕ್ರವಾರ

ಪುಸ್ತಕ ಆಫೀಸಿಗೆ ಕೊಟ್ಟೆ. ಪ್ರತಿ ವರ್ಷ ಗುಮಾಸ್ತರು ತರಿಸಿಕೊಂಡು ಎರಡು ವಾರ ಇಟ್ಟುಕೊಳ್ಳುತ್ತಾರೆ. ಬಟ್ಟೆಯ ಲೆಕ್ಕಕ್ಕೆ ಇರಬೇಕು. ನನ್ನ ಹತ್ತಿರ ಚೀಟಿಯಲ್ಲಿ ನಕಲಿದೆ.

ಸೆಪ್ಟೆಂಬರ್ 20, ಶುಕ್ರವಾರ

ಹದಿನಾಲ್ಕು ಫ್ರಾಕು ಮುಗಿದವು. ಮೂವತ್ತೆರಡನೇ ನಂಬರು ಶಾಲೆ ಬಿಟ್ಟ ಕೂಡಲೇ ಬಂದು ಕತ್ತರಿಸುವ ಮೇಜಿನ ಕೆಳಗೆ ಕೂರುತ್ತಾಳೆ. ಏಣಿಗೆ ಸಂಜೆ ಪಾತ್ರೆ ತೊಳೆಯುವ ಪಾಳಿ, ಅದು ಮುಗಿಯುವವರೆಗೂ ಇವಳು ನನ್ನ ತಲೆಯ ಮೇಲೆ. ಚಿಂದಿ ಆರಿಸುತ್ತಾಳೆ, ಮಾತಾಡುವುದಿಲ್ಲ, ಏಳುವಾಗ ಮೇಜಿನ ಮೂಲೆಗೆ ತಲೆ ಹೊಡೆಸಿಕೊಂಡು ಅಳುತ್ತಾಳೆ. ಅತ್ತರೆ ನನ್ನ ಹೊಲಿಗೆ ಸೊಟ್ಟಗಾಗುತ್ತದೆ. ಅದಕ್ಕೆ ಮೂಲೆಗೆ ಒಂದು ಚಿಂದಿಯ ಮೆತ್ತೆ ಹೊಲಿದು ಕಟ್ಟಿದೆ. ಕೆಲಸದ ಅನುಕೂಲಕ್ಕೆ.

ಸೆಪ್ಟೆಂಬರ್ 25, ಬುಧವಾರ

ಸೂಜಿ ಎರಡು ಮುರಿದವು. ತಂಗಿ ನನ್ನ ಬ್ರೆಡ್ಡಿನ ಡಬ್ಬಿಯಲ್ಲಿ ಎರಡು ತುಂಡು ಹೆಚ್ಚು ಇಡಬೇಕಾಗಿದೆಯಂತೆ, ಯಾರಿಗೆ ಎಂದು ಕೇಳುತ್ತಾಳೆ. ನನಗೇ ಎಂದೆ. "ಐವತ್ತೊಂಬತ್ತಕ್ಕೆ ನೀನೂ ಬೆಳೀತಿದ್ದೀಯಾ?" ಎಂದಳು. ಅವಳ ಬಾಯಿಗೆ ಕಾಜಾ ಹಾಕಿ ಗುಂಡಿ ಹೊಲಿಯಬೇಕು.

ಸೆಪ್ಟೆಂಬರ್ 30, ಸೋಮವಾರ

ಬಾಲ ಮೇಜಿನ ಕೆಳಗೆ ನೀಲಿ ಚಿಂದಿಯ ಮೂರು ಪಟ್ಟಿಗಳನ್ನು ಹೆಣೆಯುತ್ತಿದ್ದಳು. ಬಿಚ್ಚುವುದು, ಮತ್ತೆ ಹೆಣೆಯುವುದು.

"ಏನೇ ಅದು?"

"ಜಡೆ ಹಾಕೋದು ಕಲೀತಿದ್ದೀನಿ. ಅಕ್ಕ ಹೋದ ಮೇಲೆ ನಾನೇ ಹಾಕ್ಕೋಬೇಕಲ್ಲ."

"ಎಲ್ಲಿಗೆ ಹೋಗ್ತಾಳೆ?"

"ದೊಡ್ಡ ನಿಲಯಕ್ಕೆ. ಮಕ್ಕಳ ದಿನ ಆದ ಮೇಲೆ ಬಸ್ಸು ಬರುತ್ತೆ."

ಹನ್ನೆರಡು ತುಂಬಿದವರನ್ನು ದೊಡ್ಡ ಹುಡುಗಿಯರ ನಿಲಯಕ್ಕೆ ಕಳಿಸುತ್ತಾರೆ. ಇಲ್ಲಿಂದ ಬಸ್ಸಿನಲ್ಲಿ ಮೂರು ಗಂಟೆಯ ದಾರಿ, ಭೇಟಿ ವರ್ಷಕ್ಕೆ ಎರಡೇ ಸಲ. ಏಣಿಗೆ ಹನ್ನೆರಡೇ? ಹಾಲುಹಲ್ಲು ಇನ್ನೂ ಒಂದು ಅಲ್ಲಾಡುತ್ತಿದೆ, ಅಳತೆ ತೆಗೆಯುವಾಗ ನಾಲಿಗೆಯಿಂದ ದೂಡುತ್ತಿದ್ದಳು. ಇರಲಿ, ಅದು ಆಫೀಸಿನವರ ಕೆಲಸ. ನನ್ನದಲ್ಲ.

ಜಡೆಯ ಎಡಗಡೆಯ ಎಳೆಯನ್ನು ಅವಳು ಬಿಗಿಯಾಗಿ ಹಿಡಿಯುತ್ತಿರಲಿಲ್ಲ. ತೋರಿಸಿಕೊಟ್ಟೆ.

ಅಕ್ಟೋಬರ್ 1, ಮಂಗಳವಾರ

ಪುಸ್ತಕ ವಾಪಸ್ ತರಲು ಆಫೀಸಿಗೆ ಹೋಗಿದ್ದೆ. ಗುಮಾಸ್ತರು ಚಹಾ ಕುಡಿಯುತ್ತಿದ್ದರು. ಪುಸ್ತಕ ತೆರೆದೇ ಇತ್ತು. ಮೂವತ್ತನಾಲ್ಕು ಮತ್ತು ಅದಕ್ಕಿಂತ ಹೆಚ್ಚು ಎಂದು ನಾನು ಬರೆದ ಕಡೆಯೆಲ್ಲ ಕೆಂಪು ಶಾಯಿಯ ಗುರುತು.

"ನನ್ನ ಪುಸ್ತಕದಲ್ಲಿ ಯಾರು ಗೀಚಿದ್ದು?" ಎಂದೆ.

"ನಾನೇ ಟೈಲರಮ್ಮ. ದೊಡ್ಡ ನಿಲಯದ ಪಟ್ಟಿಗೆ."

"ನನ್ನ ಫ್ರಾಕಿಗೂ ನಿಮ್ಮ ಪಟ್ಟಿಗೂ ಏನು ಸಂಬಂಧ?"

ಅವರು ಬಹಳ ತಾಳ್ಮೆಯಿಂದ ವಿವರಿಸಿದರು. ಹುಡುಗಿಯರ ಕಡತಗಳಲ್ಲಿ ವಯಸ್ಸಿನ ಜಾಗದಲ್ಲಿ "ಸುಮಾರು ಐದಾರು", "ಆರೇಳು ಇರಬಹುದು" ಎಂದೇ ಇರುತ್ತದೆ. ಅದರಿಂದ ಹನ್ನೆರಡು ತುಂಬಿದ್ದು ಯಾವಾಗ ಎಂದು ಹೇಗೆ ಹೇಳುವುದು? ಇಲಾಖೆಯ ಸುತ್ತೋಲೆಯಲ್ಲಿ ವಯಸ್ಸಿಗೆ ತಕ್ಕ ಬಟ್ಟೆಯ ಅಳತೆ ಇದೆ. ಹನ್ನೆರಡಕ್ಕೆ ಫ್ರಾಕಿನ ಉದ್ದ ಮೂವತ್ತನಾಲ್ಕು ಇಂಚು. ಪುಸ್ತಕದಲ್ಲಿ ಮೂವತ್ತನಾಲ್ಕು ಬಂದವರಿಗೆ ಹನ್ನೆರಡಾಯಿತೆಂದು ಪಟ್ಟಿ ಮಾಡುತ್ತಾರೆ.

"ನನಗಿಂತ ಮುಂಚೆ ಇದ್ದವರು ಹಾಗೇ ಮಾಡ್ತಿದ್ರು. ಹನ್ನೊಂದು ವರ್ಷದಿಂದ ಇದೇ ಕ್ರಮ. ನಿಮ್ಮ ಅಳತೆ ಅಂದ್ರೆ ಅಳತೆ, ಎಲ್ಲೂ ತಪ್ಪಿರಲ್ಲ. ಈ ಆಫೀಸಲ್ಲಿ ನಂಬೋಕೆ ಆಗೋದು ಆ ಪುಸ್ತಕ ಒಂದೇ."

ಅವರು ಅದನ್ನು ಹೊಗಳಿಕೆಯಾಗಿಯೇ ಹೇಳಿದ್ದು. ಏಣಿಯ ಸಾಲು ನೋಡಿದೆ. ಮೂವತ್ತನಾಲ್ಕೂವರೆ, ಕೆಂಪು ಗುರುತು. ಅದರಲ್ಲಿ ಎರಡು ಇಂಚು ನನ್ನದು.

ಅಕ್ಟೋಬರ್ 2, ಬುಧವಾರ

ಒಂದೇ ಫ್ರಾಕು ಹೊಲಿದೆ. ಅದನ್ನೂ ಬಿಚ್ಚಿದೆ.

ಅಕ್ಟೋಬರ್ 4, ಶುಕ್ರವಾರ

ಗುಮಾಸ್ತರಿಗೆ ಎಲ್ಲ ಹೇಳಿದೆ. ಮಡಿಕೆ, ಎರಡು ಇಂಚು, ಬಡಕಲಿಗೆ ಮೂರು. ಅವರ ಕೈಯಲ್ಲಿದ್ದ ಪೆನ್ನು ಹಾಗೇ ನಿಂತಿತು. ಆಮೇಲೆ ತಗ್ಗಿದ ದನಿಯಲ್ಲಿ, "ಪಟ್ಟಿ ಮೇಲಿನ ಕಚೇರಿಗೆ ಹೋಗಿದೆ ಅಮ್ಮಾ. ನಾನು ತಿದ್ದೋ ಹಾಗಿಲ್ಲ. ನಿಮ್ಮ ಅಳತೆ ತಪ್ಪು ಅಂತ ನೀವೇ ಬರೆದು ಸಹಿ ಹಾಕಿ ಕೊಟ್ರೆ ಮಾತ್ರ ಆಗುತ್ತೆ," ಎಂದರು.

ತಪ್ಪು! ನನ್ನ ಅಳತೆ ತಪ್ಪಲ್ಲ. ಫ್ರಾಕಿಗೆ ಅದು ಸರಿಯಾದ ಅಳತೆ. ಫ್ರಾಕಿನ ಅಳತೆಯಿಂದ ಹುಡುಗಿಯ ವಯಸ್ಸು ತೆಗೆದವರು ಅವರು. ತಪ್ಪಿಲ್ಲದ ಸೇವೆ ಎಂದು ಸನ್ಮಾನ ಪತ್ರದಲ್ಲಿ ಅಚ್ಚಾಗುವ ಹೊತ್ತಿಗೆ ನಾನೇ ಹೋಗಿ ತಪ್ಪು ಎಂದು ಬರೆದುಕೊಡಬೇಕೇ?

ಊಟಕ್ಕೆ ಕೂತಾಗ ತಂಗಿಗೆ ಹೇಳಿದೆ. ಪೂರ್ತಿ ಕೇಳಿದಳು, ಅಪರೂಪಕ್ಕೆ.

"ಬರೆದುಕೊಡೋಕೆ ನಿನಗೇನು ಕಷ್ಟ ಅಕ್ಕಾ? ನನ್ನ ತಪ್ಪು ದಿನಾ ಎಣಿಸಿ ಎಣಿಸಿ ಚೆನ್ನಾಗಿ ಅಭ್ಯಾಸ ಆಗಿದೆಯಲ್ಲ ನಿನಗೆ."

"ತಮಾಷೆ ಬೇಡ."

"ತಮಾಷೆ ಅಲ್ಲ. ಅಮ್ಮ ಹೋದಾಗ ನಿನಗೆ ಹನ್ನೆರಡು, ನನಗೆ ಏಳು. ದೊಡ್ಡಪ್ಪ ನಿನ್ನನ್ನ ಬೇರೆ ಮನೆಗೆ ಕಳಿಸ್ತೀನಿ ಅಂದಾಗ ನೀನು ಏನು ಮಾಡ್ದೆ, ನೆನಪಿದೆಯಾ? ಬಾಗಿಲ ಹಿಡಿಕೆ ಹಿಡಿದು ನಿಂತೆ, ಇಬ್ಬರು ಎಳೆದ್ರೂ ಬಿಡ್ಲಿಲ್ಲ."

ನೆನಪಿದೆ. ಆದರೂ ಕಿಟಕಿ ಮುಚ್ಚುವುದು ಕಲಿ ಎಂದು ಹೇಳಿ ಎದ್ದೆ.

ಅಕ್ಟೋಬರ್ 7, ಸೋಮವಾರ

ಸುಮ್ಮನೆ ಬಾಯಿಮಾತಿನಲ್ಲಿ ಹೇಳಿದರೆ ಯಾರು ನಂಬುತ್ತಾರೆ? ಏಣಿಯನ್ನು ಕರೆಸಿ ಹೊಸದಾಗಿ ಅಳೆದೆ. ಬೆನ್ನು ಬಾಗಿಸಿ, ಮೊಣಕಾಲು ಮಡಿಸಿ ನಿಂತಳು. ಎಂದಿನಂತೆ ಕೈ ಬೆನ್ನಿಗೆ ಹೋಯಿತು.

"ನೆಟ್ಟಗೆ ನಿಲ್ಲು."

"ನೆಟ್ಟಗೆ ನಿಂತ್ರೆ ಕಳಿಸ್ತಾರೆ," ಎಂದಳು.

"ಯಾರು ಹೇಳಿದ್ದು?"

"ಎಲ್ಲರಿಗೂ ಗೊತ್ತು ಟೈಲರಮ್ಮ. ಉದ್ದ ಆದವರು ಹೋಗ್ತಾರೆ. ನಿಮ್ಮ ಹತ್ರ ಬರೋಕೆ ಮುಂಚೆ ದೊಡ್ಡವರು ಚಿಕ್ಕವರಿಗೆ ಹೇಳಿಕೊಡ್ತಾರೆ, ಮೊಣಕಾಲು ಇಷ್ಟು ಮಡಿಸಬೇಕು, ಗೊತ್ತಾಗಬಾರದು ಅಂತ."

ಇಡೀ ನಿಲಯಕ್ಕೆ ಗೊತ್ತಿತ್ತು. ಆರು ವರ್ಷದವರಿಗೂ ಗೊತ್ತಿತ್ತು. ಗೊತ್ತಿಲ್ಲದೆ ಇದ್ದವಳು ನಾನೊಬ್ಬಳೇ. ಇಷ್ಟು ವರ್ಷ ಆ ಬೆನ್ನುಗಳಿಗೆ ತಟ್ಟಿ ತಟ್ಟಿ ನೆಟ್ಟಗೆ ಮಾಡಿದ್ದೇನೆ. ಮಿಷನ್ನಿನ ಮುಂದೆ ಕೂತುಬಿಟ್ಟೆ.

"ನಿಂತ್ಕೋ," ಎಂದೆ, ಮತ್ತೆ ಟೇಪು ಎತ್ತಿಕೊಂಡು. "ಈ ಸಲ ನೆಟ್ಟಗೆ ನಿಂತರೇ ಉಳೀತೀಯ. ಬಾಗಿ ಕೊಟ್ಟ ಅಳತೆಯನ್ನ ಆಫೀಸಿನವರು ಒಪ್ಪಲ್ಲ. ನನ್ನ ಮಾತು ನಂಬು."

ನಂಬಲು ಅವಳಿಗೆ ಕಾರಣವೇನೂ ಇರಲಿಲ್ಲ. ಆದರೂ ನಿಂತಳು. ಮೂವತ್ತೆರಡೂವರೆ, ಮೂವತ್ತನಾಲ್ಕಕ್ಕೆ ಒಂದೂವರೆ ಇಂಚು ಕಡಿಮೆ. ಎರಡು ಸಲ ನೋಡಿದೆ.

ಅಕ್ಟೋಬರ್ 8, ಮಂಗಳವಾರ

ಬರೆದುಕೊಟ್ಟೆ. ಮೂರು ಸಲ ಬರೆದು ಹರಿದೆ. ಮೊದಲ ಮೂರರಲ್ಲಿ ತಪ್ಪು ಎಲ್ಲರದೂ ಆಗಿತ್ತು, ನಾಲ್ಕನೆಯದರಲ್ಲಿ ನನ್ನ ಪಾಲಿನದನ್ನು ಮಾತ್ರ ಬರೆದೆ. ಪುಸ್ತಕದಲ್ಲಿರುವುದು ಮೈಯಳತೆಯಲ್ಲ, ಎರಡು ಮೂರು ಇಂಚು ಹೆಚ್ಚು ಬರೆದಿದ್ದೇನೆ, ಅದನ್ನು ಯಾರಿಗೂ ತಿಳಿಸಿರಲಿಲ್ಲ. ಇಷ್ಟೇ.

ಮೇಲ್ವಿಚಾರಕಿ ಎರಡು ಬಾರಿ ಓದಿದರು. ಕನ್ನಡಕ ತೆಗೆದು ಕಣ್ಣು ಒತ್ತಿಕೊಂಡರು. ಅವರು ಕೆಟ್ಟವರಲ್ಲ, ಅವರ ಮೇಜಿನ ಮೇಲೆ ಕಡತಗಳು ನನ್ನ ಥಾನುಗಳಿಗಿಂತ ಎತ್ತರಕ್ಕಿವೆ.

"ಇದು ಮೇಲೆ ಹೋದ್ರೆ ಸನ್ಮಾನ ನಿಲ್ಲುತ್ತೆ, ಗೊತ್ತಲ್ವಾ?"

"ಗೊತ್ತು ಮೇಡಂ."

"ಈ ಹುಡುಗಿ ಹೆಸರನ್ನ ನಾನೇ ಹೇಗಾದರೂ ಬಿಡಿಸ್ತೀನಿ. ಕಾಗದ ಬೇಡ. ಸುಮ್ಮನೆ ನಿವೃತ್ತಿ ಆಗಿ."

ಸುಳ್ಳು ಹೇಳುವುದೇಕೆ, ಒಂದು ಕ್ಷಣ ಆಸೆಯಾಯಿತು. ಏಣಿ ಉಳಿಯುತ್ತಾಳೆ, ಬೂದು ಉಡುಪು ಹಾಕಿಕೊಂಡು ವೇದಿಕೆ ಹತ್ತುತ್ತೇನೆ. ಆದರೆ ಮುಂದಿನ ವರ್ಷ ಇನ್ನೊಬ್ಬ ಟೈಲರು ಬರುತ್ತಾಳೆ, ಅವಳೂ ಮಡಿಕೆ ಬಿಡುತ್ತಾಳೆ, ಕೆಂಪು ಶಾಯಿ ಅಲ್ಲೇ ಇರುತ್ತದೆ.

"ಕಾಗದ ಇರಲಿ ಮೇಡಂ," ಎಂದೆ.

"ಹಾಗಾದ್ರೆ ಹಿಂದಿನ ವರ್ಷಗಳದ್ದೂ ಕೇಳ್ತಾರೆ. ನಿಮ್ಮ ಹಳೇ ಪುಸ್ತಕಗಳು ಇವೆಯಾ?"

ಇವೆ. ಬೀರುವಿನಲ್ಲಿ, ವರ್ಷವಾರು, ಕಾಗದ ಸುತ್ತಿ ಇಟ್ಟಿದ್ದೇನೆ. ಏಣಿಯೊಬ್ಬಳನ್ನು ಬಿಟ್ಟು ಬೇರೆ ಯಾರನ್ನೂ ನಾನು ಯೋಚಿಸಿಯೇ ಇರಲಿಲ್ಲ.

ಅಕ್ಟೋಬರ್ 14, ಸೋಮವಾರ

ಮೂರು ದಿನದಿಂದ ಗುಮಾಸ್ತರೂ ನಾನೂ ಹಳೆಯ ಪುಸ್ತಕಗಳ ಮುಂದೆ ಕೂತಿದ್ದೇವೆ. ನಾನು ಇಂಚು ಕಳೆಯುತ್ತೇನೆ, ಅವರು ಹೆಸರು ಓದುತ್ತಾರೆ. ಹನ್ನೊಂದು ವರ್ಷದಲ್ಲಿ ಹೀಗೆ ಪಟ್ಟಿಗೆ ಸೇರಿದವರು ಇಪ್ಪತ್ತೇಳು ಮಂದಿ. ಹೆಚ್ಚಿನವರು ಒಂದು ವರ್ಷ ಮುಂಚೆ ಹೋಗಿದ್ದಾರೆ. ಅವರಲ್ಲಿ ಎಷ್ಟೋ ಮಂದಿ ಈಗ ದೊಡ್ಡ ಹೆಂಗಸರು, ಅಲ್ಲಿಂದಲೂ ಹೊರಟುಹೋಗಿದ್ದಾರೆ. ಕಳೆದ ವರ್ಷಗಳನ್ನು ಬಿಚ್ಚಿ ಇಳಿಸಿಕೊಡಲು ಅವು ಫ್ರಾಕಿನ ಅಂಚಲ್ಲ. ಇಪ್ಪತ್ತೊಂಬತ್ತನೆಯದು, ಹದಿನೇಳನೆಯದು ಎಂದು ನಂಬರು ಹೇಳುತ್ತಾ ಹೋದವಳಿಗೆ ಒಂದೊಂದೇ ಮುಖ ನೆನಪಾಗತೊಡಗಿತು. ತೊದಲುತ್ತಿದ್ದವಳು, ಟೇಪು ತಾಗಿದರೆ ಕಚಗುಳಿಯಿಟ್ಟಂತೆ ನಗುತ್ತಿದ್ದವಳು. ಗುಮಾಸ್ತರು ನಡುವೆ ಎದ್ದು ಹೊರಗೆ ಹೋಗಿ ಬಂದರು, ಮುಖ ತೊಳೆದುಕೊಂಡಿದ್ದರು.

ಈ ವರ್ಷದ ಪಟ್ಟಿಯ ನಾಲ್ವರಲ್ಲಿ ಇಬ್ಬರಿಗೆ ನಿಜವಾಗಿಯೂ ಹನ್ನೆರಡು ಆಗಿದೆ, ಇಬ್ಬರಿಗೆ ಇಲ್ಲ. ಹಿಂದೆ ಹೋದವರಲ್ಲಿ ಈಗಲೂ ಹನ್ನೆರಡು ತುಂಬದವಳು ಒಬ್ಬಳೇ. ಹೋದ ವರ್ಷ ಕಳಿಸಿದ್ದು. ಪುಸ್ತಕದಲ್ಲಿ ಮೂವತ್ತನಾಲ್ಕು, ಪಕ್ಕದಲ್ಲಿ ಮೂರು ಇಂಚು ಸೇರಿಸಿದ್ದಕ್ಕೆ ನಾನಿಡುವ ಚುಕ್ಕೆ. ಎಂದರೆ ಮೈಯಳತೆ ಮೂವತ್ತೊಂದು. ಹತ್ತೂವರೆ ವರ್ಷವಿದ್ದಿರಬಹುದು. ಎಲ್ಲರೂ ಗುಬ್ಬಿ ಎನ್ನುತ್ತಿದ್ದರು. ನಿಲಯಕ್ಕೆ ಬಂದಾಗ ಮೂಳೆ ಚಕ್ಕಳ, ನೋಡಿ ಪಾಪ ಅನ್ನಿಸಿತ್ತು. ಅದಕ್ಕೇ ಮೂರು.

ಅಕ್ಟೋಬರ್ 18, ಶುಕ್ರವಾರ

ಮಕ್ಕಳ ಕ್ಷೇಮ ದಿನ. ನಲವತ್ತಾರೂ ಫ್ರಾಕು ಹೊತ್ತಿಗೆ ಸರಿಯಾಗಿ ಮುಗಿದವು. ಅತಿಥಿ ಬಂದರು, ಮಕ್ಕಳ ಭವಿಷ್ಯದ ಬಗ್ಗೆ ಮುಕ್ಕಾಲು ಗಂಟೆ ಮಾತಾಡಿದರು, ಮುಂದಿನ ಸಾಲಿನ ಚಿಕ್ಕವರು ತೂಕಡಿಸಿದರು. ಸನ್ಮಾನದ ಸುದ್ದಿ ಯಾರೂ ಎತ್ತಲಿಲ್ಲ. ನಾನು ಹಿಂದಿನ ಸಾಲಿನಲ್ಲಿ ಸೂಜಿ ದಾರ ಹಿಡಿದು ಕೂತಿದ್ದೆ. ಕೊನೇ ಗಳಿಗೆಯಲ್ಲಿ ಗುಂಡಿ ಕೀಳುವವರು ಪ್ರತಿ ವರ್ಷ ಇಬ್ಬರಾದರೂ ಇರುತ್ತಾರೆ. ಬೇಸರವಾಗಲಿಲ್ಲ ಎಂದರೆ ಸುಳ್ಳು. ಆಯಿತು.

ಪಟ್ಟಿ ಓದಿದರು. ಎರಡೇ ಹೆಸರು. ಏಣಿಯ ಹೆಸರು ಇರಲಿಲ್ಲ. ಅವಳು ಇನ್ನೂ ಓದುತ್ತಾರೇನೋ ಎಂದು ಕಾಯುತ್ತಲೇ ಇದ್ದಳು. ಬಾಲ ಅಕ್ಕನ ಬೆರಳು ಬಿಟ್ಟು ಎದ್ದು ನಿಂತು, ಎಲ್ಲರಿಗೂ ಕೇಳುವ ಹಾಗೆ, "ಮುಗೀತಾ?" ಎಂದು ಕೇಳಿದಳು. ಮುಗಿಯಿತು ಎಂದು ಮೇಲ್ವಿಚಾರಕಿಯೇ ಹೇಳಿದರು. ನನ್ನ ಕಣ್ಣಿಗೆ ದಾರ ಕಾಣದೆ ಸೂಜಿ ಚುಚ್ಚಿಕೊಂಡೆ.

ಸಂಜೆ ಹೊರಡುವಾಗ ಮೇಲ್ವಿಚಾರಕಿ ಒಂದು ಪತ್ರ ಕೊಟ್ಟರು. ಗುಬ್ಬಿ ಬಯಸಿದರೆ ಇಲ್ಲಿಗೆ ವಾಪಸ್ ಬರಬಹುದು. "ಅಂಚೆಯಲ್ಲಿ ಕಳಿಸಲಾ?" ಎಂದರು. ನಾನೇ ಒಯ್ಯುತ್ತೇನೆ ಎಂದೆ.

ಅಕ್ಟೋಬರ್ 26, ಶನಿವಾರ

ತಂಗಿ ರಜೆ ಹಾಕಿ ಜೊತೆಗೆ ಬಂದಳು. ನನ್ನ ಮಂಡಿಗೆ ಬಸ್ಸಿನ ಮೆಟ್ಟಿಲು ಆಗುವುದಿಲ್ಲವೆಂದು ನೆಪ. ದಾರಿಯುದ್ದಕ್ಕೂ ಒಂದೂ ಚುಚ್ಚುಮಾತಾಡಲಿಲ್ಲ, ಅದೇ ನನಗೆ ಹೆದರಿಕೆ.

ದೊಡ್ಡ ನಿಲಯದ ಭೇಟಿಯ ಕೋಣೆಯಲ್ಲಿ ಎರಡು ಬೆಂಚು, ಒಂದು ಗಡಿಯಾರ. ಗುಬ್ಬಿಯನ್ನು ಕರೆತಂದರು. ಹೋದ ವರ್ಷದ ಫ್ರಾಕೇ ಹಾಕಿಕೊಂಡಿದ್ದಳು. ನನ್ನನ್ನು ಕಂಡು ನಗಲಿಲ್ಲ, ಅಳಲಿಲ್ಲ. ಅಳತೆ ಕೊಡುವಾಗ ನಿಲ್ಲುವ ಹಾಗೆ ಬಂದು ಎದುರಿಗೆ ನಿಂತಳು. ಕೂತುಕೋ ಎಂದೆ.

ಮಾತು ದಾರಿಯಲ್ಲೆಲ್ಲ ಜೋಡಿಸಿಕೊಂಡಿದ್ದೆ. ಬಂದಷ್ಟು ಹೇಳಿದೆ. ಪುಸ್ತಕದಲ್ಲಿ ನಾನು ಮೂರು ಇಂಚು ಹೆಚ್ಚು ಬರೆದೆ, ಅದನ್ನು ನೋಡಿ ನಿನಗೆ ಹನ್ನೆರಡು ತುಂಬಿತೆಂದು ತಿಳಿದುಕೊಂಡರು, ತುಂಬಿರಲಿಲ್ಲ. ತಪ್ಪು ನನ್ನದು. ವಾಪಸ್ ಬರಬಹುದು, ಇದೋ ಪತ್ರ.

ಅವಳು ಪತ್ರ ಮುಟ್ಟಲಿಲ್ಲ. ಬೆಂಚಿನ ಅಂಚು ಹಿಡಿದುಕೊಂಡಳು.

"ಈಗ ನನಗೆ ಎಷ್ಟು ಟೈಲರಮ್ಮ?"

"ಹನ್ನೊಂದೂವರೆ ಅಂತ ಇಟ್ಕೊಳ್ಳೋಣ."

"ಇಲ್ಲಿ ಹದಿಮೂರು ಅಂತಾರೆ. ಹದಿಮೂರರವರ ತರಗತಿಗೆ ಹಾಕಿದ್ದಾರೆ. ನನಗೆ ಲೆಕ್ಕ ಬರಲ್ಲ. ಓದೋದೂ ಎಲ್ಲರಿಗಿಂತ ನಿಧಾನ. ಓಟದಲ್ಲೂ ಕೊನೆ. ಟೀಚರು ನನ್ನನ್ನ ಕಿಟಕಿ ಹತ್ರ ಬೇರೆ ಕೂರಿಸ್ತಾರೆ, ನಿನಗೆ ಇದೆಲ್ಲ ಆಗಲ್ಲ, ನೀನು ಚಿತ್ರ ಬರಿ ಅಂತಾರೆ."

ತಂಗಿ ಎದ್ದು ಗೋಡೆಯ ಕಡೆ ತಿರುಗಿ ನಿಂತಳು.

"ಹಾಗಾದ್ರೆ," ಎಂದಳು ಗುಬ್ಬಿ, "ನಾನು ದಡ್ಡಿ ಅಲ್ವಾ?"

"ಅಲ್ಲ," ಎಂದೆ.

"ಇನ್ನೊಂದು ಸಲ ಹೇಳಿ."

ಹೇಳಿದೆ.